ಮೊಟ್ಟೆಯೊಳಗಿನ ಕಣ್ಣು

2024 ಮೇ 18, ಶನಿವಾರ, ರಾತ್ರಿ

ಇವರು ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಗೊತ್ತು. ಗೋಡೆ ಕಡೆ ತಿರುಗಿ ಮಲಗಿದರೆ ಅದು ಇವರ ನಿದ್ದೆಯಲ್ಲ. ನಾನು ಇವತ್ತು ಡೈವಿಂಗ್ ಮಾಡುತ್ತಾ ಸಮುದ್ರದೊಳಗೆ ತೆಗೆದ ಫೋಟೋಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಕೂತಿದ್ದೇನೆ.

112 ಫೋಟೋ. ಎಲ್ಲದರಲ್ಲೂ ಅದೇ ಒಂದು ಮೀನು.

ನಮ್ಮ ಹಳೇ ಅನಿಮೋನ್‌ನ (ಬಂಡೆಗಂಟಿ ಬದುಕುವ, ಹೂವಿನಂಥ ಸಮುದ್ರಜೀವಿ) ಕ್ಲೌನ್ ಮೀನಿನ ಜೋಡಿ. ನಿವೃತ್ತಿಯಾದಾಗಿನಿಂದ ಇಲ್ಲಿ ಬರೀತಾನೇ ಇದ್ದೇನಲ್ಲ, ಅದೇ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಕಳೆದ ಭಾನುವಾರ ನೋಡಿದಾಗ ಬಂಡೆಗೆ ಅಂಟಿಸಿದ ಮೊಟ್ಟೆಗಳು ಕಿತ್ತಳೆ ಬಣ್ಣಕ್ಕಿದ್ದವು. ಇವತ್ತು ಬೆಳ್ಳಿ ಬಣ್ಣ. ಬರಿಗಣ್ಣಿಗೆ ಸುಮ್ನೆ ಮಂಕು ಬೂದಿಯ ಹಾಗೆ ಕಾಣುತ್ತಿತ್ತು. 10 ಮೀಟರ್ ಆಳಕ್ಕೆ ಹೋದರೆ ಕೆಂಪು ಬೆಳಕನ್ನೆಲ್ಲ ನೀರು ನುಂಗಿಬಿಟ್ಟಿರುತ್ತದೆ, ಆ ಕಿತ್ತಳೆ ಮೀನೇ ಅಲ್ಲಿ ಬಣ್ಣಗೆಟ್ಟು ಕಾಣುತ್ತದೆ. ಸ್ಟ್ರೋಬ್, ಅಂದರೆ ಕ್ಯಾಮೆರಾದ ಫ್ಲ್ಯಾಶ್, ಮಿಂಚಿದ ಕ್ಷಣ ಮಾತ್ರ ಎಲ್ಲ ಹೊರಗೆ ಬರುವುದು. ಕ್ಯಾಮೆರಾ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಒಂದೊಂದು ಮೊಟ್ಟೆಯಲ್ಲೂ ಎರಡೆರಡು ಕಣ್ಣು. ಅಕ್ಕಿಕಾಳಿಗಿಂತ ಚಿಕ್ಕ ಮೊಟ್ಟೆ, ಅದರೊಳಗೆ ಕಣ್ಣು, ಆ ಕಣ್ಣಿನ ಸುತ್ತ ಬೆಳ್ಳಿ ಅಂಚು. ಇನ್ನೂ ಹುಟ್ಟಿಲ್ಲ, ಆಗಲೇ ನನ್ನನ್ನು ನೋಡುತ್ತಿವೆ ಅನ್ನಿಸಿತು.

ಗಂಡು ಪಕ್ಕದ ರೆಕ್ಕೆಗಳಿಂದ ಬೀಸುತ್ತಲೇ ಇತ್ತು. ಮಗುವಿಗೆ ಬೀಸಣಿಗೆ ಬೀಸಿದ ಹಾಗೆ. ಹಾಗೆ ನೀರು ಆಡಿಸದಿದ್ದರೆ ಮೊಟ್ಟೆಗಳಿಗೆ ಉಸಿರಿಲ್ಲ. ನಡುವೆ ಬಾಯಿ ಹಾಕಿ ಕೆಟ್ಟ ಮೊಟ್ಟೆಯನ್ನು ಆರಿಸಿ ತೆಗೆಯುತ್ತದೆ, ಮತ್ತೆ ಬೀಸುತ್ತದೆ. ಹೆಣ್ಣು ನನ್ನ ಲೆನ್ಸಿಗೆ ಬಂದು ಬಂದು ಗುದ್ದುತ್ತಿತ್ತು. ಅದರ ಮನೆ, ಅದರ ಕೋಪ. ನಾನು ಆ ರೆಕ್ಕೆ ಪೂರ್ತಿ ಅರಳುವ ಗಳಿಗೆಗೆ ಕಾಯುತ್ತಿದ್ದೆ. ರೆಕ್ಕೆ ಅರಳಬೇಕು, ಹಿಂದೆ ಮೊಟ್ಟೆಯ ಕಣ್ಣು ಕಾಣಬೇಕು, ಎರಡೂ ಒಟ್ಟಿಗೆ.

ಟಕ್ ಟಕ್ ಅಂತ ಸದ್ದು ಕೇಳಿಸಿತ್ತು. ಕೇಳಿಸಿಯೂ ತಿರುಗಲಿಲ್ಲ. ಇದನ್ನು ಬರೆಯಲೇಬೇಕು. ನೀರಿನೊಳಗೆ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ತಿಳಿಯುವುದಿಲ್ಲ, ನಿಜ. ಆದರೆ ನನ್ನನ್ನು ಕರೆಯೋಕೆ ಇವರು ಬೆನ್ನಿನ ಗಾಳಿ ಟ್ಯಾಂಕ್ ಬಡಿಯುವ ಸದ್ದು ನನಗೆ ಗೊತ್ತಿಲ್ಲದ್ದೇನಲ್ಲ. ಇನ್ನೊಂದೇ ಒಂದು ಅಂದುಕೊಂಡೆ.

ಆಮೇಲೆ ಭುಜ ಹಿಡಿದು ಎಳೆದು, ನನ್ನ ಟ್ಯಾಂಕಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜನ್ನು ಮಾಸ್ಕಿನ ಮುಂದೆ ಹಿಡಿದರು. 40 ಬಾರ್. ಮಾಸ್ಕಿನ ಕೆಳಗಡೆ ಅಂಟಿಸಿಕೊಂಡ ಓದುವ ಲೆನ್ಸಿನಲ್ಲಿ ಇಣುಕಿ ಇನ್ನೊಮ್ಮೆ ನೋಡಿದೆ. 40ಏ. 50 ಬಾರ್ ಇರುವಾಗಲೇ ದೋಣಿಯಲ್ಲಿರಬೇಕು ಅನ್ನುವುದು ನಮ್ಮಿಬ್ಬರ ಮಾತು. ಆ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಹೋಗುತ್ತದೆ.

ನಿಧಾನವಾಗಿಯೇ ಏರಿದೆವು. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕಲ್ಲ, ಆಗ ಇವರು ತಮ್ಮ ಟ್ಯಾಂಕಿನ ಗಾಳಿ ಉಸಿರಾಡೋಕೆ ಇರುವ ಹಳದಿ ರೆಗ್ಯುಲೇಟರ್ ನನ್ನ ಬಾಯಿಗೆ ಕೊಟ್ಟರು. ನನ್ನ ಜಾಕೆಟ್ಟಿನ ಪಟ್ಟಿ ಹಿಡಿದಿದ್ದ ಕೈ ದೋಣಿಯ ಏಣಿ ಸಿಕ್ಕಿದರೂ ಬಿಡಲಿಲ್ಲ. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು.

ದೋಣಿಯಲ್ಲಿ ಒಂದು ಮಾತಿಲ್ಲ. ಸಂಜೆ, ನಾನು ಕ್ಯಾಮೆರಾಕ್ಕೆ ನೀರು ಹೋಗದ ಹಾಗೆ ಕಾಯುವ ಪೆಟ್ಟಿಗೆಯ ರಬ್ಬರ್ ಉಂಗುರದ (ಓ-ರಿಂಗ್) ಮೇಲೆ ಕೂದಲೆಳೆ ಏನಾದರೂ ಕೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಬಂದು ಎದುರು ಕೂತರು.

"ಎಷ್ಟು ಸಲ ಬಡಿದೆ ಗೊತ್ತಾ?"

"ಗೊತ್ತಾಗಲಿಲ್ಲ ರೀ" ಅಂದೆ. ಸುಳ್ಳು. ತಕ್ಷಣ, "ಕೇಳಿಸಿತ್ತು" ಅಂತಲೂ ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಹೊತ್ತು ಕಳೆದ ಮೇಲೆ, "ನೀನೇ ಹೇಳಿದ್ದೆ. ಹೆಣ್ಣು ಸತ್ತರೆ ಆ ಗಂಡು ಮೀನೇ ಹೆಣ್ಣಾಗುತ್ತದೆ, ಗುಂಪಿನ ಇನ್ನೊಂದು ಚಿಕ್ಕ ಮೀನು ಗಂಡಾಗುತ್ತದೆ, ಸಂಸಾರ ನಡೆಯುತ್ತದೆ ಅಂತ."

"ಹೂಂ."

"ಅದಕ್ಕೆ ಅದರ ದಾರಿ ಇದೆ. ನನಗೆ ಏನಿದೆ?"

ನನಗೆ ಉತ್ತರ ಬರಲಿಲ್ಲ. ಓ-ರಿಂಗ್ ಕೈಯಲ್ಲೇ ಇತ್ತು. ಇಷ್ಟು ವರ್ಷದ ಸಂಸಾರದಲ್ಲಿ ಇವರು ಇಂಥ ಮಾತು ಆಡಿದ್ದು ನೆನಪಿಲ್ಲ. ಡೈವಿಂಗ್ ಹುಚ್ಚು ನನ್ನದು. ನೀರಿನೊಳಗೆ ನನ್ನ ಜೊತೆಗಾರ (buddy) ಆಗೋಕೆ ಅಂತಲೇ ಇವರು ಕಲಿತದ್ದು. ಮಾಸ್ಕಿಗೆ ನೀರು ತುಂಬಿಸಿ ಖಾಲಿ ಮಾಡುವ ಪಾಠದಲ್ಲಿ ಅವರಿಗೆ ಎಷ್ಟು ಭಯವಾಗಿತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಈಗಲೂ ನಾನು ಫೋಟೋ ತೆಗೆಯುವಷ್ಟು ಹೊತ್ತು ಇವರು ಹವಳ ನೋಡುವುದಿಲ್ಲ. ನನ್ನ ಗುಳ್ಳೆಗಳನ್ನು ನೋಡುತ್ತಿರುತ್ತಾರೆ.

ಇನ್ಮೇಲೆ ಹತ್ತು ಫೋಟೋಗೊಮ್ಮೆ ಗೇಜ್ ನೋಡುತ್ತೇನೆ, ನಿಮಗೆ ತೋರಿಸುತ್ತೇನೆ ಅಂದೆ. "ಸರಿ" ಅಂದರು.

78ನೇ ಫೋಟೋ ಬಂದಿದೆ. ರೆಕ್ಕೆ ಅರಳಿದೆ, ಹಿಂದೆ ಸಾಲು ಸಾಲು ಕಣ್ಣು. ನನ್ನ ಕೈಯಿಂದ ಇದಕ್ಕಿಂತ ಚೆನ್ನಾಗಿರುವುದು ಬಂದಿಲ್ಲ. ಟ್ಯಾಂಕ್ ಬಡಿದಾಗ ತೆಗೆದದ್ದು ಇದೇ ಇರಬೇಕು.

ಆದರೆ ಅದೇ ಫೋಟೋದಲ್ಲಿ ಇನ್ನೊಂದು ಕಾಣುತ್ತಿದೆ, ಕೆಳಗೆ ಗಮನಿಸಿರಲಿಲ್ಲ. ಅನಿಮೋನ್‌ನ ತುದಿಗಳು ಬಿಳಿಚಿವೆ. ಹೋದ ವರ್ಷದ ಫೋಟೋ ಪಕ್ಕದಲ್ಲಿಟ್ಟು ನೋಡಿದೆ, ಆಗ ಕಂದು ಬಣ್ಣ ತುಂಬಿಕೊಂಡಿತ್ತು. ನೀರು ಬಿಸಿಯಾದಾಗ ಬಣ್ಣ ಕೊಡುವ ಒಳಗಿನ ಪಾಚಿ ಬಿಟ್ಟು ಹೋಗುವುದು ಹವಳಕ್ಕೆ ಮಾತ್ರ ಅಲ್ಲ, ಅನಿಮೋನ್‌ಗೂ ಅದೇ. ಏಪ್ರಿಲಲ್ಲಿ ಜಗತ್ತಿನಾದ್ಯಂತ ಹವಳಗಳ ನಾಲ್ಕನೇ ಬಿಳಿಚುವಿಕೆ ಅಂತ ಘೋಷಿಸಿದರಲ್ವಾ, ಓದಿದ್ದೆ, ಎಲ್ಲೋ ದೂರದ್ದು ಅನ್ನಿಸಿತ್ತು. 2016ರಲ್ಲಿ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪದ ಹತ್ತಿರ ಹೀಗೇ ಆದಾಗ, ಬಿಳಿಚಿದ ಅನಿಮೋನ್‌ಗಳಲ್ಲಿದ್ದ ಮೀನಿನ ಜೋಡಿಗಳು ಮೊಟ್ಟೆ ಇಡುವುದೇ ಕಡಿಮೆಯಾಗಿತ್ತಂತೆ. ನೀರು ಬೇಗ ತಣಿದರೆ ಬಣ್ಣ ಮರಳಬಹುದು. ತಣಿಯದಿದ್ದರೆ?

ಮೊಟ್ಟೆ ಇನ್ನು ಒಂದೆರಡು ದಿನದಲ್ಲಿ ಒಡೆಯುತ್ತವೆ. ಒಡೆಯುವುದು ರಾತ್ರಿ, ಕತ್ತಲಾದ ಮೇಲೆ. ಅಂದರೆ ನಾಳೆ ರಾತ್ರಿ ಇಳಿದರೆ ಮಾತ್ರ. ಇವತ್ತಿನದಾದ ಮೇಲೆ ಅದನ್ನು ಇವರ ಹತ್ತಿರ ಹೇಗೆ ಕೇಳುವುದು? ಕ್ಯಾಮೆರಾ ಇಲ್ಲದೆ, ಬರೀ ಟಾರ್ಚ್ ಹಿಡಿದು, ಇವರ ಕೈ ಹಿಡಿದುಕೊಂಡೇ ಹೋಗಬಹುದಾ ಅಂತ

ಈಗ ಮಗ್ಗುಲು ಬದಲಿಸಿದರು. "ಇನ್ನೂ ಮಲಗಲಿಲ್ವಾ" ಅಂತಿದ್ದಾರೆ.