ಪ್ರಿಂಟ್ ಕಪ್ಪಾಗಿ ಬಂತು ಅಂತ ಲ್ಯಾಬ್‌ನವರನ್ನು ಬೈಯುವ ಮುಂಚೆ

"ಸ್ಕ್ರೀನ್ ಮೇಲೆ ಇಷ್ಟು ಚೆನ್ನಾಗಿತ್ತು, ಪ್ರಿಂಟ್ ಯಾಕೆ ಹೀಗೆ ಕಪ್ಪಾಗಿ ಬಂತು?" ಮದುವೆ ಫೋಟೊ ತೆಗೆಯಲು ಹೊಸದಾಗಿ ಶುರು ಮಾಡಿದ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಕ್ಯಾಲಿಬ್ರೇಟ್ ಮಾಡೋಕೆ ಯಾವ ಮೆಶೀನ್ ತಗೊಳ್ಳಲಿ ಅಣ್ಣ?" ಮಾನಿಟರ್ ತೋರಿಸುವ ಬಣ್ಣ, ಬೆಳಕನ್ನು ಅಳೆದು ಸರಿ ಮಾಡುವ ಆ ಮೆಶೀನ್ ವಿಷಯ ಆಮೇಲೆ. ದುಡ್ಡು ಬಿಚ್ಚುವ ಮುಂಚೆ ಮಾಡಬೇಕಾದ ಬಿಟ್ಟಿ ಕೆಲಸ ಒಂದಿದೆ.

ನನಗೂ ಇದೇ ಆಗಿತ್ತು. ಸೋದರತ್ತೆ ಮಗಳ ಮದುವೆ ಆಲ್ಬಂ. ಮೆರೂನ್ ರೇಷ್ಮೆ ಸೀರೆ, ಮೈತುಂಬ ಸಣ್ಣ ಸಣ್ಣ ಜರಿ ಬುಟ್ಟಾ. ರಾತ್ರಿ ಲೈಟ್ ಆರಿಸಿಕೊಂಡು ಕೂತು ಎಡಿಟ್ ಮಾಡಿದ್ದೆ. ಸ್ಕ್ರೀನ್ ಮೇಲೆ ಬುಟ್ಟಾ ಒಂದೊಂದಾಗಿ ಎಣಿಸಬಹುದಿತ್ತು. ಪ್ರಿಂಟ್ ಬಂದಾಗ ನೋಡಿದರೆ ಸೀರೆಯ ನೆರಿಗೆಯೇ ಮಾಯ. ವರನ ಕೂದಲೂ ಹಿಂದಿನ ಪರದೆಯೂ ಒಂದೇ ಕಪ್ಪು. ಸಿಟ್ಟಿನಲ್ಲಿ ಆಲ್ಬಂ ಎತ್ತಿಕೊಂಡು ಲ್ಯಾಬ್‌ಗೆ ಹೋದೆ. ಅಲ್ಲಿದ್ದ ಹಿರಿಯರು ಜಗಳಕ್ಕೆ ಬರಲಿಲ್ಲ. "ಮಾನಿಟರ್ ಬ್ರೈಟ್‌ನೆಸ್ ಎಷ್ಟಿಟ್ಟಿದ್ದೀರಾ ಸರ್?" ಅಂದರು. ನೂರು ಅಂದೆ. ಸುಮ್ನೆ ನಕ್ಕರು.

ಮಾನಿಟರ್ ತಾನೇ ದೀಪ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದಷ್ಟನ್ನು ಮಾತ್ರ ತಿರುಗಿ ಕೊಡುತ್ತದೆ. ಸಾಮಾನ್ಯ ಮಾನಿಟರ್ ಅನ್ನು ಪೂರ್ತಿ ಏರಿಸಿದರೆ 250ರಿಂದ 350 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಬೆಳಕು ಬರುತ್ತದೆ. ಪ್ರಿಂಟ್‌ಗಾಗಿ ಎಡಿಟ್ ಮಾಡುವವರು ಇಟ್ಟುಕೊಳ್ಳುವುದು 80ರಿಂದ 120, ಅಷ್ಟೇ. ಸ್ಕ್ರೀನ್ ಅಷ್ಟು ಜಾಸ್ತಿ ಉರಿಯುತ್ತಿದ್ದಾಗ ಏನಾಗುತ್ತದೆ ಗೊತ್ತಾ? ಫೋಟೊ ತುಂಬಾ ಬೆಳ್ಳಗಿದೆ ಅನ್ನಿಸಿ, ನಮ್ಮ ಕೈಯಾರೆ ಅದನ್ನು ಕತ್ತಲು ಮಾಡುತ್ತಾ ಹೋಗುತ್ತೇವೆ. ಲ್ಯಾಬ್‌ನವರು ನಾವು ಕೊಟ್ಟ ಕತ್ತಲನ್ನೇ ಪ್ರಿಂಟ್ ಮಾಡಿ ಕೊಡುತ್ತಾರೆ.

ಬಿಟ್ಟಿ ಕೆಲಸ ಇದು. ಒಂದು ಬಿಳಿ ಎ4 ಹಾಳೆ ತಗೊಳ್ಳಿ. ಸ್ಕ್ರೀನ್ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ರೂಮಿನ ಲೈಟ್ ಹಾಕಿಕೊಂಡು ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿಯಿರಿ. ಹಾಳೆ ಮಾಸಿದ ಪಂಚೆಯ ಹಾಗೆ ಕಾಣುತ್ತದೆ, ಅಲ್ವಾ? ಎರಡೂ ಒಂದೇ ಬಿಳುಪು ಅನ್ನಿಸುವ ತನಕ ಬ್ರೈಟ್‌ನೆಸ್ ಇಳಿಸಿ. ನನ್ನ ಮಾನಿಟರ್‌ನಲ್ಲಿ ಅದು 22ಕ್ಕೆ ಬಂದು ನಿಂತಿತು. ಮೊದಲ ಎರಡು ದಿನ ಕರೆಂಟ್ ಡಲ್ ಆದ ಹಾಗೆ ಇರುತ್ತದೆ. ಆಮೇಲೆ ಕಣ್ಣು ಒಗ್ಗುತ್ತದೆ. ನನ್ನನ್ನು ಕೇಳಿದರೆ, ಕಪ್ಪು ಪ್ರಿಂಟ್‌ನ ತಕರಾರು ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಇನ್ನು ಪ್ರಿಂಟ್ ನೋಡುವ ಬೆಳಕು. ಸೀರೆ ಅಂಗಡಿಗೆ ಹೋದರೆ ನಮ್ಮ ಅಮ್ಮ ಸೀರೆಯನ್ನು ಬಾಗಿಲ ಹತ್ತಿರ ತಂದು ನೋಡದೆ ತಗೊಂಡವರಲ್ಲ. ಅಂಗಡಿ ಲೈಟಿನಲ್ಲಿ ಒಂದು ಬಣ್ಣ, ಹಗಲಿನಲ್ಲಿ ಇನ್ನೊಂದು. ಪ್ರಿಂಟ್‌ಗೂ ಅದೇ ಬುದ್ಧಿ ಬೇಕು. ಹಳದಿ ಬಲ್ಬಿನ ಕೆಳಗೆ ಹಿಡಿದು "ಹಳದಿ ಬಂದಿದೆ" ಅಂದರೆ ಯಾರೇನು ಮಾಡಲಿ? ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಕಡುಗೆಂಪು ಕಡಿಮೆ ಇರುತ್ತದೆ, ಮುಖಗಳು ಸತ್ತ ಹಾಗೆ ಕಾಣುತ್ತವೆ. ಪ್ರಿಂಟಿಂಗ್ ಉದ್ಯಮದವರು ಇದಕ್ಕೆಂದೇ 5000 ಕೆಲ್ವಿನ್ ಬೆಳಕನ್ನು, ಅಂದರೆ ಹಗಲಿಗೆ ಹತ್ತಿರವಾದ ಬಿಳಿ ಬೆಳಕನ್ನು, ಗೊತ್ತು ಮಾಡಿಕೊಂಡಿದ್ದಾರೆ. ನಮಗೆ ಅಷ್ಟೆಲ್ಲ ಬೇಡ. ನೇರ ಬಿಸಿಲು ಬೀಳದ ಕಿಟಕಿ ಸಾಕು.

ಈಗ ಮೆಶೀನ್. ಸ್ಪೈಡರ್, ಕ್ಯಾಲಿಬ್ರೈಟ್ ಈ ಹೆಸರುಗಳನ್ನು ಕೇಳಿರುತ್ತೀರಿ. ಇಲಿಯ ಹಾಗೆ ಬಾಲ ಇರುವ ಸಣ್ಣ ಡಬ್ಬಿ, ಸ್ಕ್ರೀನ್ ಮೇಲೆ ನೇತು ಹಾಕಬೇಕು. ಸಾಫ್ಟ್‌ವೇರ್ ಒಂದಾದ ಮೇಲೊಂದು ಬಣ್ಣ ತೋರಿಸುತ್ತದೆ, ಡಬ್ಬಿ ಅಳೆಯುತ್ತದೆ. ಕೊನೆಗೆ ನಿಮ್ಮ ಮಾನಿಟರ್ ಎಲ್ಲೆಲ್ಲಿ ತಪ್ಪುತ್ತದೆ ಅನ್ನುವ ಲೆಕ್ಕವನ್ನು ಪ್ರೊಫೈಲ್ ಅಂತ ಬರೆದಿಡುತ್ತದೆ. ಸಾಫ್ಟ್‌ವೇರ್ ಕೇಳಿದಾಗ ವೈಟ್ ಪಾಯಿಂಟ್ (ಬಿಳಿಯ ಛಾಯೆ) 6500 ಕೆಲ್ವಿನ್, ಗಾಮಾ (ಕಪ್ಪಿನಿಂದ ಬಿಳಿಗೆ ಏರುವ ಬಗೆ) 2.2, ಬೆಳಕು 100 ನಿಟ್ಸ್ ಆಸುಪಾಸು ಕೊಡಿ. ಮುಂಚೆ ಮಾನಿಟರ್ ಅರ್ಧ ಗಂಟೆ ಉರಿದಿರಲಿ. ನೈಟ್ ಲೈಟ್, ಆಟೊ ಬ್ರೈಟ್‌ನೆಸ್ ಎಲ್ಲ ಆಫ್ ಮಾಡಿ. ಸ್ನೇಹಿತನ ಪ್ರೊಫೈಲ್ ಕಾಪಿ ಮಾಡಿಕೊಳ್ಳಬೇಡಿ. ಒಂದೇ ಮಾಡೆಲ್‌ನ ಎರಡು ಮಾನಿಟರ್ ಕೂಡ ಒಂದೇ ಥರ ಇರುವುದಿಲ್ಲ, ಬೇರೆಯವರ ಕನ್ನಡಕ ಹಾಕಿಕೊಂಡ ಹಾಗಾಗುತ್ತದೆ. ತಲೆ ಸ್ವಲ್ಪ ಆಡಿಸಿದರೆ ಬಣ್ಣ ಬದಲಾಗುವ ಹಳೇ ಲ್ಯಾಪ್‌ಟಾಪ್ ಇದ್ದರೆ ಮೆಶೀನ್ ದುಡ್ಡನ್ನು ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಒಳ್ಳೆಯ ಐಪಿಎಸ್ ಮಾನಿಟರ್‌ಗೆ ಹಾಕಿ.

ಕೆಲವರು ಕೈಯಲ್ಲಿ ಪ್ರಿಂಟ್ ಹಿಡಿದುಕೊಂಡು, ಸ್ಕ್ರೀನ್ ಹಾಗೇ ಕಾಣುವ ತನಕ ಮಾನಿಟರ್‌ನ ಕೆಂಪು, ಹಸಿರು, ನೀಲಿ ತಿರುಗಿಸುತ್ತಾರೆ. ದಯವಿಟ್ಟು ಬೇಡ. ಆ ಒಂದು ಪ್ರಿಂಟ್ ಹೊಂದುತ್ತದೆ, ಉಳಿದದ್ದೆಲ್ಲ ಕೆಡುತ್ತದೆ.

ಫೈಲ್ ಕಳಿಸುವಾಗ, ಲ್ಯಾಬ್‌ನವರು ಬೇರೆ ಹೇಳದಿದ್ದರೆ, ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಬಣ್ಣದ ವ್ಯಾಪ್ತಿಯಲ್ಲೇ ಕಳಿಸಿ. ಅಡೋಬಿ ಆರ್‌ಜಿಬಿ ಅನ್ನುವ ವ್ಯಾಪ್ತಿ ಅದಕ್ಕಿಂತ ದೊಡ್ಡದು, ನಿಜ. ಆದರೆ ಲ್ಯಾಬ್‌ನ ಪ್ರಿಂಟ್ ಮೆಶೀನ್ ಫೈಲಿನೊಳಗಿನ ಪ್ರೊಫೈಲ್ ಓದದೆ ಬಿಟ್ಟರೆ ಬಣ್ಣ ಸಪ್ಪೆ ಆಗಿ ಬರುತ್ತದೆ. ಲ್ಯಾಬ್‌ನ ಪೇಪರ್ ಪ್ರೊಫೈಲ್ (ಅವರ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅನ್ನುವ ಲೆಕ್ಕದ ಫೈಲ್) ಸಿಕ್ಕಿದರೆ ಫೋಟೊಶಾಪ್‌ನಲ್ಲಿ ಪ್ರೂಫ್ ಕಲರ್ಸ್ ಹಾಕಿ ನೋಡಿ. ಒತ್ತಿದ ಕೂಡಲೇ ಫೋಟೊ ಮಂಕಾಗುತ್ತದೆ. ಗಾಬರಿ ಬೇಡ, ಕಾಗದದ ಮೇಲೆ ಅದು ಹಾಗೇ ಬರುವುದು. ಪ್ರೆಸ್‌ನಲ್ಲಿ ನಾಲ್ಕು ಇಂಕಿನಿಂದ ಮಾಡುವ ಆಲ್ಬಂ ಆದರೆ ಗಿಳಿಹಸಿರು ಸೀರೆ ಖಂಡಿತ ಸ್ವಲ್ಪ ಸೊರಗುತ್ತದೆ, ಕಡುನೀಲಿ ನೇರಳೆ ಕಡೆ ವಾಲುತ್ತದೆ. ಆ ಬಣ್ಣ ಇಂಕಿಗೆ ಎಟುಕುವುದೇ ಇಲ್ಲ. ಯಾವ ಕ್ಯಾಲಿಬ್ರೇಷನ್ನೂ ಅದನ್ನು ತಂದುಕೊಡದು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ತಾಪತ್ರಯ ಉಳಿಯುತ್ತದೆ. ಗಿರಾಕಿ ಫೋಟೊ ನೋಡಿ ಓಕೆ ಅನ್ನುವುದು ವಾಟ್ಸಾಪ್‌ನಲ್ಲಿ. ಅವರ ಫೋನ್ ವಿವಿಡ್ ಮೋಡ್‌ನಲ್ಲಿ, ಬ್ರೈಟ್‌ನೆಸ್ ಫುಲ್. ಅದಕ್ಕೆ ನಾನು ಈಗ ಆಲ್ಬಂಗೆ ಕೊಡುವ ಮುಂಚೆ ಐದಾರು ಫೋಟೊ 4×6 ಸೈಜಿನಲ್ಲಿ ಅದೇ ಲ್ಯಾಬ್‌ನಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಮುಹೂರ್ತದ ಸೀರೆಯದೊಂದು, ಮುಖದ ಕ್ಲೋಸಪ್ ಒಂದು ಇರಲೇಬೇಕು. ಗಿರಾಕಿ ಮನೆಗೆ ಒಯ್ದು ಹಾಲ್‌ನ ಕಿಟಕಿ ಹತ್ತಿರ ಅಜ್ಜಿಯ ಕೈಗೆ ಕೊಡುತ್ತೇನೆ. ಅಜ್ಜಿ "ಸೀರೆ ಬಣ್ಣ ಸರಿಯಾಗಿ ಬಂದಿದೆ ಕಣಪ್ಪ" ಅಂದರೆ ಆಲ್ಬಂ ಪ್ರಿಂಟ್‌ಗೆ ಹೋಗುತ್ತದೆ.