ಇಷ್ಟೆಲ್ಲ ಆದಮೇಲೂ ದೇವರನ್ನು ಹೇಗೆ ನಂಬುತ್ತೀರಿ?

ನಮ್ಮ ಮನೆಯವರು ತೀರಿಕೊಂಡ ಮೇಲೆ ಈ ಪ್ರಶ್ನೆಯನ್ನು ಎಷ್ಟೋ ಜನ ನನ್ನಲ್ಲಿ ಕೇಳಿದ್ದಾರೆ. ಕೆಲವರು ಕನಿಕರದಿಂದ ಕೇಳುತ್ತಾರೆ, ಕೆಲವರು ಸವಾಲು ಹಾಕಿದಂತೆ ಕೇಳುತ್ತಾರೆ. ಇನ್ನು ಕೆಲವರು ಅಕ್ಕಪಕ್ಕ ಯಾರೂ ಇಲ್ಲದಾಗ ಮೆಲ್ಲಗೆ ಕೇಳುತ್ತಾರೆ. ಅವರ ಮನೆಯಲ್ಲೂ ಸಾವಾಗಿರುತ್ತದೆ. ನನ್ನ ಉತ್ತರ ಮುಖ್ಯವಾಗಿ ಅವರಿಗೆ.

ನಮ್ಮ ಮನೆಯವರು ಯಾಕೆ ಹೋದರು ಎಂಬುದಕ್ಕೆ ನನ್ನ ನಂಬಿಕೆ ಕಾರಣ ಕೊಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. "ದೇವರಿಗೆ ಅವರು ಬೇಕಾಗಿದ್ದರು" ಎಂದವರಿದ್ದಾರೆ, "ಎಲ್ಲ ದೇವರ ಚಿತ್ತ" ಎಂದು ಸಮಾಧಾನ ಹೇಳಿದವರಿದ್ದಾರೆ. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಮಾತುಗಳಿಂದ ನನಗೆ ಆದರಣೆ ಸಿಗಲಿಲ್ಲ. ಅದು ಸಿಕ್ಕಿದ್ದು ಅಳುವವರ ಜೊತೆ ಯೇಸು ಹೇಗೆ ನಡೆದುಕೊಂಡ ಎಂಬುದನ್ನು ಓದಿದಾಗ.

ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆರೆಯಿರಿ. ಬೇಥಾನ್ಯದ ಲಾಜರನಿಗೆ ಕಾಯಿಲೆ. ಅವನ ಒಡಹುಟ್ಟಿದವರಾದ ಮಾರ್ಥ, ಮರಿಯ ಯೇಸುವಿಗೆ ಹೇಳಿಕಳಿಸುತ್ತಾರೆ. ಸುದ್ದಿ ಮುಟ್ಟಿದ ಮೇಲೂ ಆತನು ಇದ್ದಲ್ಲೇ ಎರಡು ದಿನ ಉಳಿಯುತ್ತಾನೆ. ಬಂದು ಸೇರುವ ಹೊತ್ತಿಗೆ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿರುತ್ತದೆ. ಮಾರ್ಥ ಎದುರು ಹೋಗಿ, ಕರ್ತನೇ, ನೀನು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಮರಿಯ ಬಂದು ಆತನ ಕಾಲಿಗೆ ಬಿದ್ದು ಅದೇ ಮಾತನ್ನು ಹೇಳುತ್ತಾಳೆ. ಆ ನಾಲ್ಕು ದಿನವೂ ಮನೆಯಲ್ಲಿ ಇಬ್ಬರೂ ಅದನ್ನೇ ಆಡಿಕೊಂಡಿದ್ದರೇನೋ ಎಂದು ನನಗೆ ಅನಿಸುತ್ತದೆ. ಸಾವಾದ ಮನೆಯಲ್ಲಿ "ಹಾಗಾಗಿದ್ದರೆ, ಹೀಗಾಗಿದ್ದರೆ" ಎನ್ನುವ ಮಾತು ನಿಲ್ಲುವುದೇ ಇಲ್ಲವಲ್ಲ.

ದೂರು ಒಂದೇ ಆದರೂ ಯೇಸು ಇಬ್ಬರಿಗೂ ಒಂದೇ ರೀತಿ ಉತ್ತರಿಸುವುದಿಲ್ಲ. ಮಾರ್ಥಳಿಗೆ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂದು ಹೇಳುತ್ತಾನೆ. ಮರಿಯಳಿಗೆ ಯಾವ ಬೋಧನೆಯನ್ನೂ ಮಾಡುವುದಿಲ್ಲ. ಅವಳು ಅಳುವುದನ್ನು ನೋಡಿ ಕಳವಳಗೊಂಡು, ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ, ತಾನೂ ಕಣ್ಣೀರಿಡುತ್ತಾನೆ. ದೇವರನ್ನೇ ಪ್ರಶ್ನಿಸುತ್ತೀರಾ ಎಂದು ಇಬ್ಬರಲ್ಲಿ ಯಾರನ್ನೂ ಗದರುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಸಾವಿನಿಂದ ಎಬ್ಬಿಸುತ್ತೇನೆ ಎಂದು ಆತನಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತ. ಹಾಗಿದ್ದಮೇಲೆ ನನ್ನ ಕಣ್ಣೀರನ್ನು ಅಪನಂಬಿಕೆ ಎಂದು ಯಾರೂ ಕರೆಯಬೇಡಿ.

ಬೈಬಲಿನ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳಲ್ಲೂ ಇದೇ ಧೈರ್ಯ ಸಿಗುತ್ತದೆ. 150 ಕೀರ್ತನೆಗಳಲ್ಲಿ ಗೋಳಿನವು ಬಹಳಷ್ಟಿವೆ. ಹೆಚ್ಚಿನವು ಕೊನೆಯ ಹೊತ್ತಿಗೆ ಸ್ತೋತ್ರದ ಕಡೆ ತಿರುಗುತ್ತವೆ, 88ನೆಯದು ತಿರುಗುವುದಿಲ್ಲ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಉಳಿಸಿಕೊಂಡು ಬಂದಿದ್ದಾರೆ. ಶಿಲುಬೆಯ ಮೇಲೆ ಯೇಸು, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂದು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ರಾತ್ರಿ ನಿದ್ದೆ ಬಾರದೆ ದೇವರೊಂದಿಗೆ ಜಗಳಾಡುವಾಗ ನಾನು ಆತನಿಂದ ದೂರ ಹೋಗಿಲ್ಲ, ಪ್ರಾರ್ಥನೆಯಲ್ಲೇ ಇದ್ದೇನೆ ಎಂದು ತಿಳಿದಿದ್ದು ಇಲ್ಲಿಂದ.

ದುಃಖದಲ್ಲಿರುವವರ ಹತ್ತಿರ ಹೋಗುವವರಿಗೂ ಒಂದು ಮಾತು. ಪ್ರವಾದಿ ಎಲೀಯ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಎಲೀಯ ಮತ್ತೆ ಮಲಗಿದ. ದೂತ ಎರಡನೆಯ ಸಲ ಎಬ್ಬಿಸಿ ಉಣ್ಣು ಎಂದ. ಬೈಬಲಿನ ಯೋಬ ಮಕ್ಕಳನ್ನೆಲ್ಲ ಕಳೆದುಕೊಂಡಾಗ ಅವನ ಗೆಳೆಯರೂ ಏಳು ದಿನ ಬಾಯಿ ಬಿಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು. ವಿವರಣೆ ಕೊಡಲು ಹೊರಟ ಮೇಲೆ ಕೆಟ್ಟಿತು. ನನಗೂ ನಮ್ಮ ಚರ್ಚಿನ ಸಭೆಯವರು ಊಟ ತಂದು, ಏನೂ ಹೇಳದೆ ಕೂತು ಹೋದ ದಿನಗಳೇ ನೆನಪಿನಲ್ಲಿವೆ. ದುಃಖ ತಡೆಯಲಾಗದೆ ಬದುಕೇ ಬೇಡ ಅನಿಸುತ್ತಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಅದು ನಂಬಿಕೆಯ ಕೊರತೆಯಲ್ಲ, ಎಲೀಯನಿಗೆ ಸಿಕ್ಕ ರೊಟ್ಟಿಯಂಥದೇ.

ಇಷ್ಟಕ್ಕೇ ನಿಂತಿದ್ದರೆ ನನಗೆ ಸಾಲುತ್ತಿರಲಿಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು ಯೇಸುವಿನ ಅಪೊಸ್ತಲನಾದ ಪೌಲನು ಥೆಸಲೊನೀಕ ಊರಿನ ಕ್ರೈಸ್ತರಿಗೆ ಬರೆದ; ದುಃಖಿಸಲೇಬೇಡಿ ಎನ್ನಲಿಲ್ಲ. ಕ್ರಿಸ್ತನು ಸಾವಿನಿಂದ ಎದ್ದು ಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಕೊರಿಂಥದವರಿಗೆ ಬರೆದವನೂ ಅವನೇ. ಆತನು ಎದ್ದನೆಂದು ನಾನು ನಂಬುತ್ತೇನೆ. ಆದ್ದರಿಂದಲೇ ನಮ್ಮ ಮನೆಯವರನ್ನು ಮತ್ತೆ ನೋಡುತ್ತೇನೆ ಎಂದೂ ನಂಬುತ್ತೇನೆ. ಈ ನಿರೀಕ್ಷೆಯಿಂದ ಇವತ್ತಿನ ಒಂಟಿತನ ಹೋಗಿಲ್ಲ. ಅದರ ಜೊತೆಯಲ್ಲೇ ಬೆಳಗ್ಗೆ ಎದ್ದು ಕೆಲಸ ಮಾಡುವ ಶಕ್ತಿ ಬಂದಿದೆ.

ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ 13ನೇ ಕೀರ್ತನೆ ಹೇಳುತ್ತೇನೆ. ಚಿಕ್ಕದು, ಆರೇ ವಚನ. ಇನ್ನೆಷ್ಟು ಕಾಲ ಎಂಬ ಕೂಗಿನಿಂದಲೇ ಆರಂಭವಾಗುತ್ತದೆ. ಜೋರಾಗಿ ಓದಿ. ಕೊನೆಯ ವಚನದ ಸಂತೋಷ ನಿಮ್ಮ ಬಾಯಿಗೆ ಇನ್ನೂ ಬಾರದಿದ್ದರೆ ಎರಡನೆಯ ವಚನಕ್ಕೇ ನಿಲ್ಲಿಸಿ, ನಾಳೆ ಮತ್ತೆ ಅಲ್ಲಿಂದಲೇ ಓದಿ.