ಮುಂಬೈಗೆ ಹೋಗಿ ಹೋಟೆಲ್‌ನಲ್ಲಿ ಉಳಿಯೋದಾ?

ಕುಂದಾಪುರ ಕಡೆಯವರಿಗೆ ಮುಂಬೈ ಹೊಸದೇನಲ್ಲ. ಅಜ್ಜನ ಕಾಲದಿಂದಲೂ ಹುಡುಗರು ಅಲ್ಲಿಗೆ ಹೋಗಿ ಹೋಟೆಲ್‌ಗಳಲ್ಲಿ ಟೇಬಲ್ ಒರೆಸಿದ್ದಾರೆ, ಗಲ್ಲಾದಲ್ಲಿ ಕೂತಿದ್ದಾರೆ, ಕೆಲವರು ಸ್ವಂತ ಹೋಟೆಲನ್ನೂ ಇಟ್ಟಿದ್ದಾರೆ. ಆದರೆ ದುಡ್ಡು ಕೊಟ್ಟು ಅಲ್ಲಿ ರೂಮ್ ಮಾಡಿ, ಸುಮ್ನೆ ಊರು ನೋಡಿ ಬಂದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಮುಂಬೈಗೆ ಹೋಗುವುದೆಂದರೆ ಮದುವೆಗೆ, ಇಲ್ಲ ಆಸ್ಪತ್ರೆಗೆ, ಇಲ್ಲ ಗಲ್ಫ್ ವಿಮಾನ ಹತ್ತಲಿಕ್ಕೆ. ಮಲಗುವುದು ನೆಂಟರ ಮನೆಯ ಹಾಲ್‌ನಲ್ಲಿ, ಚಾಪೆ ಹಾಸಿ.

ಹಾಗಾಗಿ ಅಮ್ಮನನ್ನು ಕರೆದುಕೊಂಡು ರಜೆಗೆ ಮುಂಬೈಗೆ ಹೋಗ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ: "ಡೊಂಬಿವಲಿಯಲ್ಲಿ ಭಾವ ಇರುವಾಗ ಹೋಟೆಲ್ ಎಂತಕ್ಕೆ ಮಾರಾಯ್ತಿ?"

ಭಾವನ ಮೇಲೆ ನನಗೇನೂ ಸಿಟ್ಟಿಲ್ಲ. ಇದ್ದರೆ ಮುಂಬೈಯ ಆಕಾರದ ಮೇಲೆ. ಮ್ಯಾಪ್ ತೆಗೆದು ನೋಡಿ. ಊರು ಉತ್ತರದಿಂದ ದಕ್ಷಿಣಕ್ಕೆ ಉದ್ದಕ್ಕೆ ಇಳಿದು ಬಂದು ತುದಿಯಲ್ಲಿ ಸಪೂರ ಆಗುತ್ತದೆ. ಮೊದಲ ಸಲ ಹೋದವರು ನೋಡಬೇಕೆನ್ನುವ ಗೇಟ್‌ವೇ ಆಫ್ ಇಂಡಿಯಾ, ಸಮುದ್ರದ ಬದಿಯ ಮರೀನ್ ಡ್ರೈವ್ ರಸ್ತೆ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್, ಮ್ಯೂಸಿಯಂ, ಎಲಿಫೆಂಟಾ ದ್ವೀಪದ ಗುಹೆಗಳಿಗೆ ಹೋಗುವ ದೋಣಿ ಎಲ್ಲಾ ಇರುವುದು ಆ ತುದಿಯಲ್ಲೇ. ಆಫೀಸುಗಳೂ ಬಹಳಷ್ಟು ಅಲ್ಲೇ. ಜನ ಮಲಗುವುದು ಮಾತ್ರ ಮೇಲೆ, ಉತ್ತರಕ್ಕೆ. ಬೆಳಿಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಇಳಿಯುತ್ತದೆ, ಸಂಜೆ ಉತ್ತರಕ್ಕೆ ಏರುತ್ತದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ರೈಲಿನಲ್ಲಿ ಒಂದು ಗಂಟೆಗೂ ಜಾಸ್ತಿ. ಅದೂ ಆ ಜನದ ಜೊತೆಗೇ, ದಿನಾ ಎರಡು ಸಲ. ಮಂಡಿ ನೋವಿನ ಅಮ್ಮನನ್ನು ಕಟ್ಟಿಕೊಂಡು ಅದು ಆಗುವ ಮಾತಲ್ಲ.

ಇದೇ ಲೆಕ್ಕ ಹೋಟೆಲ್‌ಗೂ. ಅಂಧೇರಿಯಲ್ಲಿ ಏರ್‌ಪೋರ್ಟ್ ಹತ್ತಿರ ಅದೇ ದುಡ್ಡಿಗೆ ದೊಡ್ಡ ರೂಮ್ ಸಿಗುತ್ತದೆ, ಬೆಳಗಿನ ತಿಂಡಿಯೂ ಸೇರಿ. ವಾಶಿ ಕಡೆ ಇನ್ನೂ ಅಗ್ಗ. ಫೋಟೋ ನೋಡಿದರೆ ಅವೇ ಚೆಂದ. ಕೋಟೆ ಪ್ರದೇಶ, ಅಂದರೆ ಫೋರ್ಟ್, ಮತ್ತೆ ಚರ್ಚ್‌ಗೇಟ್ ಹತ್ತಿರದ ರೂಮ್‌ಗಳು ಚಿಕ್ಕವು, ಹಳೇ ಕಟ್ಟಡದ ಮೂರನೇ ನಾಲ್ಕನೇ ಮಹಡಿಯಲ್ಲಿ, ಬಾಡಿಗೆ ಜಾಸ್ತಿ. ಆದರೂ ನಾನು ಫೋರ್ಟನ್ನೇ ಹಿಡಿದೆ. ನಾಲ್ಕು ಹೆಜ್ಜೆ ನಡೆದರೆ ಏನಾದರೂ ಕಾಣಬೇಕು, ಕಾಲು ನೋವು ಬಂದರೆ ರೂಮಿಗೆ ಬಂದು ಮಲಗುವಂತಿರಬೇಕು. ಇನ್ನೊಂದು ವಿಷಯ: ಬಾಂದ್ರಾ ಮತ್ತು ಸಯನ್‌ನಿಂದ ಕೆಳಗೆ ಆಟೋಗಳಿಗೆ ಪ್ರವೇಶವೇ ಇಲ್ಲ. ಅಲ್ಲಿಂದ ಮುಂದೆ ಟ್ಯಾಕ್ಸಿ, ಬಸ್ಸು, ರೈಲು, ಇಲ್ಲವೇ ನಮ್ಮ ಕಾಲು.

ಈಗ ಹೊಟ್ಟೆ ಉರಿಯುವ ಭಾಗ. ಊರಿನಿಂದ ಮತ್ಸ್ಯಗಂಧ ರೈಲು ಹತ್ತಿದರೆ ಮರುದಿನ ಬೆಳಿಗ್ಗೆ ಬೇಗ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಸುತ್ತದೆ. ಹೋಟೆಲ್‌ಗಳು ರೂಮ್ ಕೊಡುವುದು ಮಧ್ಯಾಹ್ನ 12ಕ್ಕೆ. ಇದು ಗೊತ್ತಿದ್ದೇ ಮೊದಲೇ ಫೋನ್ ಮಾಡಿ ಕೇಳಿದ್ದೆ. "ಬನ್ನಿ ಮೇಡಂ, ಖಾಲಿ ಇದ್ದರೆ ಕೊಟ್ಟೇ ಕೊಡ್ತೀವಿ" ಅಂದಿದ್ದರು. ಹೋಗಿ ನಿಂತರೆ ಕೌಂಟರಿನವನು ಕಂಪ್ಯೂಟರಿನಿಂದ ತಲೆ ಎತ್ತದೆ "ಈಗ ಬೇಕಾದರೆ ₹1,200 ಎಕ್ಸ್‌ಟ್ರಾ" ಅಂದ. ಅವನ ಬೆನ್ನ ಹಿಂದಿನ ಹಲಗೆಯಲ್ಲಿ ಸಾಲಾಗಿ ಕೀ ನೇತಾಡುತ್ತಿದ್ದವು. ಫೋನಿನಲ್ಲಿ ಹೇಳಿದ್ದು ಯಾರು ಅಂತ ಕೇಳಿದರೆ ಅವರು ನೈಟ್ ಡ್ಯೂಟಿಯವರಂತೆ, ಮನೆಗೆ ಹೋದರಂತೆ. ರಾತ್ರಿಯಿಡೀ ರೈಲಿನಲ್ಲಿ ಬಂದ ಅಮ್ಮ ಅಷ್ಟರಲ್ಲಿ ಸೋಫಾದ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಕೊಟ್ಟೆ.

ರೂಮಿನಲ್ಲಿ ಒಂದು ಗೋಡೆಯ ಅಗಲಕ್ಕೂ ಕಡುಗೆಂಪು ಪರದೆ. ಬುಕ್ ಮಾಡುವಾಗ ಫೋಟೋದಲ್ಲಿ ನೋಡಿದ್ದ ಅದೇ ಪರದೆ. ಅಮ್ಮ ಹೋಗಿ ಸರ್ರನೆ ಎಳೆದರು. ಹಿಂದೆ ಗೋಡೆ. ಕಿಟಕಿ ಮುಚ್ಚಿ ಕಟ್ಟಿದ್ದೂ ಅಲ್ಲ, ಕಿಟಕಿ ಯಾವತ್ತೂ ಇರದಿದ್ದ ಗೋಡೆ, ನೀಟಾಗಿ ಪೇಂಟ್ ಹೊಡೆದದ್ದು. ಅಮ್ಮ ಪರದೆಯನ್ನು ಮತ್ತೆ ಎಳೆದು ಮೊದಲಿದ್ದ ಹಾಗೇ ಮಾಡಿದರು. "ಮುಚ್ಚಿದ್ರೇ ಲಾಯ್ಕ್ ಕಾಣ್ತದೆ" ಅಂದರು.

ಆದ್ದರಿಂದ ಹೋಗುವವರು ಇಷ್ಟು ಮಾಡಿ. ಫೋನಿನ ಮಾತು ನಂಬಬೇಡಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ: ಎಷ್ಟು ಗಂಟೆಗೆ ರೂಮ್, ಮುಂಚೆ ಬಂದರೆ ಎಷ್ಟು, ಸುಮ್ನೆ ಬ್ಯಾಗ್ ಇಟ್ಟುಕೊಳ್ಳಲು ಬಿಡುತ್ತಾರಾ. "ಕಿಟಕಿ ಇದೆಯಾ" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. "ಕಿಟಕಿ ತೆಗೆದರೆ ಎದುರಿಗೆ ಏನು ಕಾಣುತ್ತೆ" ಅಂತ ಕೇಳಿ, ಆಗ ತಡವರಿಸುತ್ತಾರೆ. ರಿವ್ಯೂ ಓದುವಾಗ ಐದು ಸ್ಟಾರಿನವನ್ನೂ ಒಂದು ಸ್ಟಾರಿನವನ್ನೂ ಬಿಟ್ಟು, ಮೂರು ಸ್ಟಾರ್ ಕೊಟ್ಟವರದ್ದು ಓದಿ. ನಿಜ ಇರುವುದು ಅಲ್ಲಿ. ಫೋಟೋಗಳಲ್ಲೂ ಹೋಟೆಲ್‌ನವರು ಹಾಕಿದ್ದಕ್ಕಿಂತ ಉಳಿದು ಹೋದವರು ಹಾಕಿದ್ದನ್ನು ನೋಡಿ.

ಮರುದಿನವೇ ಅಲ್ಲಿಂದ ಎದ್ದೆವು. ಚರ್ಚ್‌ಗೇಟ್ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ, ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಇನ್ನೊಂದು ಕಡೆ ರೂಮ್ ಸಿಕ್ಕಿತು. ₹3,800, ತಿಂಡಿ ಇಲ್ಲ. ಜಾಲರಿ ಬಾಗಿಲಿನ ಲಿಫ್ಟು, ಅದನ್ನು ಎಳೆದು ಮುಚ್ಚಲಿಕ್ಕೆ ಒಬ್ಬರು ಮುದುಕರು. ಮಂಚ ಬಿಟ್ಟರೆ ನಡೆದಾಡಲು ಜಾಗವಿಲ್ಲ. ಆದರೆ ರಸ್ತೆ ಕಡೆಗೆ ನಿಜವಾದ ಕಿಟಕಿ, ಅದರಾಚೆ ಮರ. ಅಮ್ಮ ಇಡೀ ರಜೆಯಲ್ಲಿ ಅತಿ ಹೆಚ್ಚು ಹೊಗಳಿದ್ದು ಆ ಕಿಟಕಿಯನ್ನೇ.

ಎಲಿಫೆಂಟಾ ನೋಡಿದೆವು. ಸೋಮವಾರ ಮುಚ್ಚಿರುತ್ತದೆ, ನೆನಪಿಡಿ. ಗೇಟ್‌ವೇ ನೋಡಿದೆವು. 1924ರಲ್ಲಿ ಕಟ್ಟಿ ಮುಗಿಸಿದ್ದು, ದೊಡ್ಡದಾಗಿದೆ, ಆದರೆ ಫೋಟೋ ತೆಗೆಯುತ್ತೇವೆ ಅಂತ ಬೆನ್ನು ಬೀಳುವವರಿಂದ ತಪ್ಪಿಸಿಕೊಳ್ಳುವುದರಲ್ಲೇ ಅರ್ಧ ಹೊತ್ತು ಹೋಯಿತು. ನನ್ನನ್ನು ಕೇಳಿದರೆ ಅದಕ್ಕಿಂತ ಓವಲ್ ಮೈದಾನ ಮೇಲು. ಮಧ್ಯದಲ್ಲಿ ಹುಡುಗರ ಕ್ರಿಕೆಟ್. ಒಂದು ಬದಿಗೆ ಹೈಕೋರ್ಟು, ಯೂನಿವರ್ಸಿಟಿ, ರಾಜಾಬಾಯಿ ಗಡಿಯಾರ ಗೋಪುರ. ಎಲ್ಲಾ ಚೂಪು ಕಮಾನು, ಕಲ್ಲಿನ ಕೆತ್ತನೆ. ಎದುರು ಬದಿಗೆ ಆಮೇಲಿನ ಕಾಲದ ಆರ್ಟ್ ಡೆಕೊ ಮನೆಗಳು, ದುಂಡು ಮೂಲೆ, ಉದ್ದ ಬಾಲ್ಕನಿ. ಈ ಎರಡೂ ಸಾಲುಗಳನ್ನು 2018ರಲ್ಲಿ ಒಟ್ಟಿಗೇ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದಾರೆ. ಟಿಕೆಟ್ ಇಲ್ಲ, ಗೈಡ್ ಇಲ್ಲ. ಸಿಎಸ್‌ಎಂಟಿಯ ಎದುರು ಅಮ್ಮ ಮಾತಿಲ್ಲದೆ ನಿಂತರು. 1888ರಲ್ಲಿ ಮುಗಿದ ಕಟ್ಟಡ, ಕಟ್ಟಲಿಕ್ಕೆ ಹತ್ತು ವರ್ಷ ಹಿಡಿದಿತ್ತು. ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ. ಸಿಂಹ ಬ್ರಿಟನ್ನಿನದಂತೆ, ಹುಲಿ ನಮ್ಮದಂತೆ. "ಒಳ್ಳೆ ದೇವಸ್ಥಾನದ ಹಾಗಿದೆ, ಒಳಗೆ ಹೋದ್ರೆ ರೈಲು" ಅಂದರು ಕೊನೆಗೆ.

ನಮ್ಮ ಕಡೆಯವರ ಹೋಟೆಲ್‌ಗಳಿರುವ ಮಾಟುಂಗಕ್ಕೂ ಹೋದೆವು, ಅಮ್ಮನ ಹಟಕ್ಕೆ. ಮುಂಬೈಗೆ ಬಂದು ಇಡ್ಲಿ ತಿನ್ನುವುದೆಂದರೆ ನನಗಂತೂ ಸರಿಬರಲಿಲ್ಲ. ಇರಾನಿ ಹೋಟೆಲಿನ ಬನ್ ಮಸ್ಕಾ, ಅಂದರೆ ಬೆಣ್ಣೆ ಹಚ್ಚಿದ ಬನ್, ಬಿಟ್ಟು ಸಾಂಬಾರಿಗೆ ಕ್ಯೂ ನಿಲ್ಲಬೇಕಾ? ಭಾನುವಾರ ಬೇರೆ, ಮೆಗಾ ಬ್ಲಾಕ್. ಹಳಿ ರಿಪೇರಿಗೆ ಅಂತ ಭಾನುವಾರ ಕೆಲವು ಲೈನಿನಲ್ಲಿ ಗಾಡಿ ನಿಲ್ಲಿಸುತ್ತಾರೆ, ಬೇರೆ ಹಳಿಗೆ ತಿರುಗಿಸುತ್ತಾರೆ. ಯಾವ ಲೈನು, ಎಷ್ಟು ಹೊತ್ತು ಅಂತ ಮೊದಲೇ ಪೇಪರಿನಲ್ಲಿ ಬರುತ್ತದೆ, ನೋಡಿಕೊಂಡು ಹೊರಡಿ.

ಇದೆಲ್ಲ ಯಾರು ಹೋದರೂ ನೋಡಿ ಬರುವಂಥದ್ದು. ನಾನು ಬರೆಯಲು ಕೂತದ್ದು ಕನ್ಹೇರಿಯಿಂದ ವಾಪಸ್ ಬರುವಾಗಿನ ರೈಲಿಗಾಗಿ.

ಕನ್ಹೇರಿ ಗುಹೆಗಳಿರುವುದು ಉತ್ತರದಲ್ಲಿ, ಬೋರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿನ ಒಳಗೆ. ಬಂಡೆ ಕೊರೆದು ಮಾಡಿದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಬೆಳಿಗ್ಗೆ ಎಲ್ಲರೂ ಚರ್ಚ್‌ಗೇಟಿಗೆ ಬರುವಾಗ ನಾವು ಅಲ್ಲಿಂದ ಹೊರಟೆವು, ಕಿಟಕಿ ಪಕ್ಕ ಕೂತುಕೊಂಡೇ. ಸಂಜೆಯೂ ಹಾಗೇ, ಜನ ಹೋಗುವ ಕಡೆಗೆ ಬೆನ್ನು ಹಾಕಿ. ಆರಾಮಾಗಿ ಬರೋಣ ಅಂತ ಸ್ಲೋ ಗಾಡಿಯ ಲೇಡೀಸ್ ಡಬ್ಬಿ ಹತ್ತಿದೆವು.

ಲೋವರ್ ಪರೇಲ್‌ನಲ್ಲಿ ಒಬ್ಬರು ಹತ್ತಿ ನಮ್ಮೆದುರು ಕಿಟಕಿ ಪಕ್ಕ ಕೂತರು. ಐವತ್ತರ ಆಸುಪಾಸು. ಕೂತ ಕೂಡಲೇ ಚಪ್ಪಲಿ ಬಿಟ್ಟು, ಕಾಲು ಮಡಚಿ, ಮಡಿಲ ಮೇಲೆ ಪೇಪರ್ ಹರಡಿ, ಚೀಲದಿಂದ ಮೆಂತ್ಯ ಸೊಪ್ಪಿನ ಕಟ್ಟು ತೆಗೆದರು. ದಾರ ಬಿಚ್ಚಿ, ಒಂದೊಂದೇ ಕಡ್ಡಿಯಿಂದ ಎಲೆ ಬಿಡಿಸತೊಡಗಿದರು. ನೋಡದೆಯೇ ಬೆರಳು ಓಡುತ್ತಿತ್ತು. ಎಲೆ ಒಂದು ಡಬ್ಬಿಗೆ, ಕಡ್ಡಿ ಪೇಪರಿಗೆ.

ಅಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಂದೆ ಬಾಗಿ, ಕೇಳದೆ, ಒಂದು ಹಿಡಿ ಸೊಪ್ಪು ತೆಗೆದುಕೊಂಡರು. ಆಕೆ ನಕ್ಕು ಡಬ್ಬಿಯನ್ನು ನಡುವೆ ಸರಿಸಿದರು. ಅಮ್ಮನಿಗೆ ಹಿಂದಿ ಬರಲ್ಲ, ಆಕೆಗೆ ಕನ್ನಡ ಬರಲ್ಲ. ನಡುವೆ ನಾನು.

"ಮಾವ್ಶಿ ಎಲ್ಲಿಗೆ?" ಅಂತ ಆಕೆ ಕೇಳಿದರು. ಮಾವ್ಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ.

"ಚರ್ಚ್‌ಗೇಟಿಗೆ. ನೀವು?"

"ನಾಲಾಸೋಪಾರಾ."

ನನಗೆ ಗಾಬರಿ. ನಾಲಾಸೋಪಾರಾ ಇರುವುದು ಬೋರಿವಲಿಗಿಂತಲೂ ಆಚೆ, ಉತ್ತರಕ್ಕೆ. "ದೀದಿ, ಈ ಗಾಡಿ ಚರ್ಚ್‌ಗೇಟಿಗೆ ಹೋಗೋದು!"

"ಗೊತ್ತು. ಇದೇ ಗಾಡಿ ಅಲ್ಲಿಂದ ತಿರುಗಿ ನಾಲಾಸೋಪಾರಾ ದಾಟಿ ವಿರಾರ್‌ಗೆ ಹೋಗುತ್ತೆ. ಈ ಹೊತ್ತಲ್ಲಿ ಲೋವರ್ ಪರೇಲ್‌ನಲ್ಲಿ ವಿರಾರ್ ಕಡೆಗೆ ಹತ್ತಿದರೆ ನಿಲ್ಲಲಿಕ್ಕೂ ಜಾಗ ಸಿಗಲ್ಲ. ಅದಕ್ಕೆ ಉಲ್ಟಾ ಹೋಗಿ, ಇಳಿಯದೆ ಕೂತೇ ವಾಪಸ್ ಬರ್ತೀನಿ. ಪಾಸ್ ಕೂಡಾ ಚರ್ಚ್‌ಗೇಟ್‌ವರೆಗೆ ಮಾಡಿಸಿದ್ದೀನಿ, ಈ ಸೀಟಿಗೋಸ್ಕರವೇ. ಸೊಪ್ಪು ಇಲ್ಲೇ ಬಿಡಿಸಿದರೆ ಮನೆಗೆ ಹೋಗಿ ಒಗ್ಗರಣೆ ಹಾಕೋದಷ್ಟೇ ಕೆಲಸ."

ಅಮ್ಮನಿಗೆ ಹೇಳಿದೆ. "ಬುದ್ಧಿವಂತೆ" ಅಂದರು, ಕೈ ನಿಲ್ಲಿಸದೆ.

"ಚರ್ಚ್‌ಗೇಟಲ್ಲಿ ಯಾರ ಮನೆ?" ಅಂತ ಆಕೆ.

"ಮನೆ ಇಲ್ಲ, ಹೋಟೆಲ್. ಊರು ನೋಡಲಿಕ್ಕೆ ಬಂದದ್ದು."

"ರಾತ್ರಿ ಅಲ್ಲೇ ಮಲಗ್ತೀರಾ?"

ಇದೆಂಥ ಪ್ರಶ್ನೆ ಅನ್ನಿಸಿತು. ಹೌದು ಅಂದೆ. ಮಹಾಲಕ್ಷ್ಮಿ ದಾಟಿ ಮುಂಬೈ ಸೆಂಟ್ರಲ್ ಬರುವವರೆಗೂ ಆಕೆ ಏನೂ ಹೇಳಲಿಲ್ಲ. ಆಮೇಲೆ ಹೇಳಿದರು, ಇಪ್ಪತ್ತು ವರ್ಷಕ್ಕೂ ಮೇಲಾಯಿತು ಈ ಲೈನಿನಲ್ಲಿ ಓಡಾಡಲು ಶುರು ಮಾಡಿ. ಮೊದಲು ಚರ್ಚ್‌ಗೇಟಿನಲ್ಲೇ ಕೆಲಸ ಇತ್ತು, ಆಮೇಲೆ ಆಫೀಸು ಪರೇಲಿಗೆ ಬಂತು. ದಾದರ್‌ನಿಂದ ಈಚೆಗೆ ಒಂದು ರಾತ್ರಿಯೂ ಕಳೆದಿಲ್ಲ. ಕತ್ತಲಾಗುವಾಗ ಯಾವಾಗಲೂ ಗಾಡಿಯಲ್ಲೇ ಇರುತ್ತಾರೆ.

"ರಾತ್ರಿ ಹತ್ತರ ಮೇಲೆ ಮರೀನ್ ಡ್ರೈವ್ ಹೇಗಿರುತ್ತೆ?" ಅಂತ ಕೇಳಿದರು.

ಕುಂದಾಪುರದಿಂದ ಮೊನ್ನೆ ಬಂದ ನಾನು ಮುಂಬೈಯವರಿಗೆ ಮರೀನ್ ಡ್ರೈವ್ ಹೇಳಿದೆ. ಹನ್ನೊಂದಾದರೂ ಕಟ್ಟೆ ತುಂಬಾ ಜನ ಕೂತಿರುತ್ತಾರೆ ಅಂದೆ. ಸಣ್ಣ ಮಕ್ಕಳೂ ಇರುತ್ತಾರೆ. ಗಾಳಿಗೆ ಸೆಖೆ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ಸೈಕಲ್ ಮೇಲೆ ಚಹಾ ಮಾರುತ್ತಾನೆ, ಅಮ್ಮನಿಗೆ ಅದು ನೀರು ಅನ್ನಿಸಿತು. ಹೆಂಗಸರು ಒಬ್ಬೊಬ್ಬರೇ ಕೂತು ಫೋನಿನಲ್ಲಿ ಮಾತಾಡುತ್ತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆಕೆ ಒಂದೊಂದಕ್ಕೂ "ಹಾಂ? ಹನ್ನೊಂದಕ್ಕಾ? ಮಕ್ಕಳೂನಾ?" ಅಂತ ಕೇಳುತ್ತಿದ್ದರು. ಚರ್ನಿ ರೋಡ್ ಹತ್ತಿರ ಕಿಟಕಿಯಾಚೆ ಒಂದು ಚೂರು ಸಮುದ್ರ ಕಂಡು ಹೋಯಿತು. ದಿನಾ ಕಾಣುವುದು ಅಷ್ಟೇ ಅಂದರು.

ನನಗೆ ನಾಚಿಕೆಯಾಯಿತೋ ಖುಷಿಯಾಯಿತೋ ಹೇಳಲಾರೆ. ಹೋಟೆಲ್ ದುಬಾರಿಯಾಯಿತು ಅಂತ ಅವತ್ತು ಬೆಳಿಗ್ಗೆ ತಾನೇ ಗೊಣಗಿದ್ದೆ.

"ಎಷ್ಟು ತಗೊಳ್ತಾರೆ?"

ಹೇಳಿದೆ. ಆಕೆ ಮನಸ್ಸಿನಲ್ಲೇ ಲೆಕ್ಕ ಹಾಕಿ "ಹತ್ತಿರ ಹತ್ತಿರ ಒಂದು ವರ್ಷದ ಪಾಸ್!" ಅಂತ ಜೋರಾಗಿ ನಕ್ಕರು. ಪಕ್ಕದ ಬೆಂಚಿನವರೂ ತಿರುಗಿದರು. "ಇವರು ಚರ್ಚ್‌ಗೇಟಲ್ಲಿ ರೂಮ್ ಮಾಡಿದ್ದಾರೆ" ಅಂತ ಆಕೆ ಅವರಿಗೂ ಮರಾಠಿಯಲ್ಲಿ ವರದಿ ಒಪ್ಪಿಸಿದರು. ಅವರಲ್ಲೊಬ್ಬಳು ಹುಡುಗಿ ಹೋಟೆಲ್ ಹೆಸರು ಕೇಳಿದಳು. ಆಕೆಯೂ ಕೈ ಒರೆಸಿಕೊಂಡು ಫೋನ್ ತೆಗೆದರು. "ಬರೆದು ಕೊಡಿ. ಮಗಳ ಹುಟ್ಟುಹಬ್ಬ ಬರುತ್ತೆ. ಒಂದು ರಾತ್ರಿ, ಅವಳೂ ನಾನೂ."

ಹೆಸರು ಟೈಪ್ ಮಾಡಿ ಕೊಟ್ಟೆ. "ಮೂರನೇ ಮಹಡಿಯಲ್ಲಿ ರಸ್ತೆ ಕಡೆಯ ರೂಮೇ ಕೇಳಿ. ಕಿಟಕಿ ತೆಗೆದರೆ ಏನು ಕಾಣುತ್ತೆ ಅಂತ ಕೇಳಿ. ಬೆಳಿಗ್ಗೆ ಬೇಗ ಹೋದರೆ ಎಕ್ಸ್‌ಟ್ರಾ ಎಷ್ಟು ಅಂತಲೂ ಮೊದಲೇ ಬರೆಸಿಕೊಳ್ಳಿ" ಅಂದೆ.

"ಬೇಗ ಹೋಗಲಿಕ್ಕೇನು, ಆ ಕಡೆ ಬೇಗ ಹೋಗೋದೊಂದು ನನಗೆ ಅಭ್ಯಾಸ ಇದೆ" ಅಂದರು.

ಮರೀನ್ ಲೈನ್ಸ್ ದಾಟುವಾಗ ಅಮ್ಮ ಎದ್ದರು. ಆಕೆ ಅಮ್ಮನ ಕೈ ಹಿಡಿದು ಕೂರಿಸಿದರು. "ಈಗ ಬಾಗಿಲಲ್ಲಿ ನಿಲ್ಲಬೇಡಿ ಮಾವ್ಶಿ. ಹತ್ತುವವರೆಲ್ಲಾ ಹತ್ತಲಿ, ಆಮೇಲೆ ಇಳೀರಿ. ಕೊನೇ ಸ್ಟೇಷನ್, ಗಾಡಿ ಎಲ್ಲೂ ಓಡಿ ಹೋಗಲ್ಲ."

ಗಾಡಿ ನಿಲ್ಲುವ ಮೊದಲೇ ಪ್ಲಾಟ್‌ಫಾರ್ಮಿನಿಂದ ಹೆಂಗಸರು ಹಾರಿ ಹಾರಿ ಒಳಗೆ ಬಂದರು, ಬ್ಯಾಗು ಎಸೆದು ಸೀಟು ಹಿಡಿದರು. ನಾವು ಎದ್ದ ಜಾಗಕ್ಕೆ ಇಬ್ಬರು ಒಟ್ಟಿಗೇ ಬಿದ್ದರು. ಮೂವರ ಬೆಂಚಿನಲ್ಲಿ ನಾಲ್ಕನೆಯವಳು ಅಂಚಿಗೆ ಕೂತು "ಸರ್ಕಾ, ಸರ್ಕಾ" ಅಂದಳು. ಆ ಗದ್ದಲದ ನಡುವೆಯೇ ಅಮ್ಮ ಕೈಯಲ್ಲಿ ಉಳಿದಿದ್ದ ಎಲೆಗಳನ್ನು ಡಬ್ಬಿಗೆ ಹಾಕಿ, ನನಗೆ ಹೇಳಿದರು: "ಬೇಗ ಕೇಳು ಇವಳತ್ರ, ಮಗಳಿಗೆ ಎಷ್ಟು ವರ್ಷ, ಮದುವೆ ಆಗಿದ್ಯಾ ಅಂತ." ಕೇಳುವಷ್ಟರಲ್ಲಿ ಹತ್ತುವವರ ಇನ್ನೊಂದು ಅಲೆ ಬಂದು ನಮ್ಮಿಬ್ಬರನ್ನೂ ಪಕ್ಕಕ್ಕೆ ತಳ್ಳಿತು.